ಹೊಸಿಲಿಗೆ ಕಟ್ಟಿದ ಗಂಟೆ

ನಾನು ಹುಟ್ಟು ಅಂಜುಬುರುಕನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತ ಹೋದಂತೆ ನಿಮಗೆ ಬೇರೆ ಅಭಿಪ್ರಾಯ ಬರುವ ಸಂಭವವಿದೆ. ಗೊರಗುಂಟೆಪಾಳ್ಯದ ಹತ್ತಿರದ ಒಂದು ಕಾರ್ಖಾನೆಯಲ್ಲಿ ನಾನು ತಪಾಸಣೆ ವಿಭಾಗದಲ್ಲಿದ್ದೆ. ಬೇರೆಯವರು ಮಾಡಿದ್ದನ್ನು ನಂಬದೆ ಇರುವುದಕ್ಕೇ ನನಗೆ ಸಂಬಳ. ಒಂದು ಬೋಲ್ಟನ್ನು ಬೆಳಕಿಗೆ ಹಿಡಿದು, ಅಳತೆ ಹಾಕಿ, ನಂಬಿಕೆ ಬಾರದೆ ಇನ್ನೊಮ್ಮೆ ಅಳತೆ ಹಾಕಿ, ‘ಇದು ಆಗುವುದಿಲ್ಲ’ ಎಂದು ಪಕ್ಕಕ್ಕೆಸೆಯುವುದು ನನ್ನ ಉದ್ಯೋಗ. ಹಗಲೆಲ್ಲ ಬೋಲ್ಟುಗಳನ್ನು ಅನುಮಾನಿಸಿದವನು ಸಂಜೆ ಮನೆಗೆ ಬಂದು ಚಿಲಕವನ್ನು ಅನುಮಾನಿಸಿದರೆ ಅದು ಹೆದರಿಕೆಯಲ್ಲ, ಕರ್ತವ್ಯನಿಷ್ಠೆ. ನನ್ನ ಹೆಂಡತಿ ಕಮಲ ಇದಕ್ಕೆ ಬೇರೊಂದು ಹೆಸರಿಟ್ಟಿದ್ದಳು. ಅದನ್ನು ಇಲ್ಲಿ ಬರೆಯುವುದು ಬೇಡ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾವು ಆರ್.ಟಿ. ನಗರದಲ್ಲಿ ಮನೆ ಕಟ್ಟಿಸಿದ್ದೆವು. ಆಗ ಅಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸೈಟುಗಳ ತುಂಬ ಎಕ್ಕದ ಗಿಡ, ಎಕ್ಕದ ಗಿಡದ ಮಧ್ಯೆ ಹೆಬ್ಬಾಳದ ಕಡೆಯಿಂದ ಮೇಯಲು ಬಂದ ಎಮ್ಮೆ, ಎಮ್ಮೆಯ ಹಿಂದೆ ಯಾರು ಬೇಕಾದರೂ ಅಡಗಿರಬಹುದು. ಮನೆ ಬಿಟ್ಟು ಹೊರಟರೆ ನನ್ನ ದೇಹ ಮಾತ್ರ ಹೊರಡುತ್ತಿತ್ತು. ಜೀವ ಬೀಗದ ಹತ್ತಿರವೇ ಜೋತಾಡಿಕೊಂಡಿರುತ್ತಿತ್ತು. ಸಿನಿಮಾಕ್ಕೆ ಹೋದರೆ ಮಧ್ಯಂತರದಲ್ಲಿ ‘ಈಗ ಬಂದೆ’ ಎಂದು ಎದ್ದವನು ಬಸ್ಸು ಹಿಡಿದು ಮನೆಗೇ ಬಂದುಬಿಡುತ್ತಿದ್ದೆ. ಆ ಕಾಲದ ಎಷ್ಟೋ ಒಳ್ಳೆಯ ಸಿನಿಮಾಗಳು ಹೇಗೆ ಮುಗಿದವೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮಣ್ಣನ ಮಗಳ ನಾಮಕರಣದಲ್ಲಿ ಮಗುವಿಗೆ ಹೆಸರಿಡುವ ಮೊದಲೇ ಎದ್ದು ಬಂದಿದ್ದೆ. ವರ್ಷಗಟ್ಟಲೆ ಆ ಮಗುವನ್ನು ‘ಪಾಪು’ ಎಂದೇ ಕರೆದು ಸಂಭಾಳಿಸಿದೆ.

ಹೀಗಿರುವಾಗ ನಾಗುವಿನ ಮದುವೆ ಗೊತ್ತಾಯಿತು. ನಾಗು ಕಮಲಳ ತಮ್ಮ. ಇನ್ನೂ ಚಡ್ಡಿ ಹಾಕುವ ವಯಸ್ಸಿನಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ನಮ್ಮ ಮನೆಗೆ ಬಂದವನು. ನಮ್ಮಲ್ಲೇ ಓದಿ, ನಮ್ಮಲ್ಲೇ ಮೀಸೆ ಬಂದು, ಯಶವಂತಪುರದ ಒಂದು ಬ್ಯಾಂಕಿನಲ್ಲಿ ಕೆಲಸಕ್ಕೂ ಸೇರಿದ್ದ. ಹುಡುಗಿ ಗೌರಿಬಿದನೂರಿನವಳು. ಮದುವೆಯೂ ಅಲ್ಲೇ. ಹಿಂದಿನ ದಿನ ವರಪೂಜೆ, ಮಾರನೆಯ ದಿನ ಧಾರೆ. ಅಂದರೆ ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲು ನಮ್ಮ ಮನೆಯಲ್ಲಿ ನರಪಿಳ್ಳೆ ಇರುವುದಿಲ್ಲ. ಎಲ್ಲರೂ ಲಡ್ಡು ಮಾಡಿಸಬೇಕೋ ಚಿರೋಟಿ ಮಾಡಿಸಬೇಕೋ ಎಂದು ಚರ್ಚಿಸುತ್ತಿದ್ದಾಗ ನಾನು ಗೋಡೆ ನೋಡುತ್ತ ಬೆವರುತ್ತಿದ್ದೆ. ಸಾಲದ್ದಕ್ಕೆ ಅದೇ ವಾರ ಪಕ್ಕದ ಕ್ರಾಸಿನಲ್ಲಿ ಒಂದು ಮನೆಯವರು ಮ್ಯಾಟಿನಿಗೆ ಹೋಗಿದ್ದಾಗ ಹಾಡಹಗಲೇ ಕಳ್ಳರು ನುಗ್ಗಿ ಸ್ಟವ್ವಿನ ಮೇಲಿದ್ದ ಹಾಲಿನ ಪಾತ್ರೆಯನ್ನೂ ಬಿಡದೆ ಒಯ್ದಿದ್ದರು. ಹಾಲು ಕುಡಿದು ಹೋದರೋ ಚೆಲ್ಲಿ ಹೋದರೋ ಎಂಬ ಬಗ್ಗೆ ಬೀದಿಯಲ್ಲಿ ಎರಡು ಅಭಿಪ್ರಾಯವಿತ್ತು.

ಮನೆಯಲ್ಲಿ ಕದಿಯುವಂಥದ್ದು ಏನಿದೆ, ಇರುವ ಒಡವೆಯನ್ನೆಲ್ಲ ತಾನು ಮದುವೆಗೆ ಹಾಕಿಕೊಂಡೇ ಹೋಗುತ್ತೇನಲ್ಲ ಎಂದು ಕಮಲ ಕೇಳಿದಳು. ನಾನು ಒಪ್ಪಲಿಲ್ಲ. ಕೊನೆಗೆ ಅವಳು ಹೆಚ್ಚು ಮಾತಾಡದೆ ಒಂದೇ ಕರಾರು ಹಾಕಿದಳು.

“ಬಾಗಿಲಿಗೆ ಏನ್ ಬೇಕಾದ್ರೂ ಹಾಕಿಸ್ಕೊಳ್ಳಿ. ಆದ್ರೆ ನಾಗು ತಾಳಿ ಕಟ್ಟೋವಾಗ ನೀವು ನನ್ನ ಪಕ್ಕದಲ್ಲಿರ್ಬೇಕು. ಅವನಿಗೆ ಅಪ್ಪ ಅಮ್ಮ ಅಂತ ಇರೋದು ನಾವಿಬ್ರೇ.”

ಇರುತ್ತೇನೆ ಎಂದೆ. ದೇವರ ಮನೆಯ ಮುಂದೆ ನಿಂತೇ ಹೇಳಿದೆ. ಹಾಗೆ ಹೇಳಿದ ಮೇಲೆ ನೆಮ್ಮದಿಯಿಂದ ಅಲ್ಲಿ ಕೂರಬೇಕಾದರೆ ಇಲ್ಲಿ ಭದ್ರವಾದದ್ದೊಂದು ಏರ್ಪಾಟು ಆಗಲೇಬೇಕಾಗಿತ್ತು.

ಏರ್ಪಾಟಿನ ಆಯ್ಕೆಯನ್ನು ನಾನು ತಪಾಸಣೆ ವಿಭಾಗದ ಶಿಸ್ತಿನಿಂದಲೇ ನಡೆಸಿದೆ. ಮೊದಲು ಬಂದದ್ದು ದೊಡ್ಡ ಬೀಗ. ಚಿಕ್ಕಪೇಟೆಗೆ ಹೋಗಿ ತೆಂಗಿನಕಾಯಿ ಗಾತ್ರದ್ದೊಂದನ್ನು ತಂದೂ ಆಯಿತು. ಬಾಗಿಲಿಗೆ ಹಾಕಿ ಗೇಟಿನ ಹತ್ತಿರ ನಿಂತು ನೋಡಿದಾಗ ಹೊಳೆಯಿತು, ಈ ಮನೆಯಲ್ಲಿ ಯಾರೂ ಇಲ್ಲ ಎಂದು ಬೋರ್ಡು ಬರೆಸಿ ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಎರಡನೆಯದು ನಾಯಿ. ಯಲಹಂಕದ ಹತ್ತಿರದ ಕೋಗಿಲು ಹಳ್ಳಿಯಿಂದ ಒಂದು ನಾಯಿಯನ್ನು ತರಿಸಿ ಪರೀಕ್ಷಾರ್ಥವಾಗಿ ಇಟ್ಟುಕೊಂಡೆವು. ಅದು ನನ್ನೊಬ್ಬನನ್ನು ಬಿಟ್ಟು ಬೇರೆ ಯಾರನ್ನು ನೋಡಿದರೂ ಬಾಲ ಅಲ್ಲಾಡಿಸುತ್ತಿತ್ತು. ವಾಪಸು ಕಳಿಸಿದೆವು. ಮೂರನೆಯದು ಗೂರ್ಖಾ. ಅವನು ಸೀಟಿ ಊದುತ್ತ ತಿರುಗುವುದು ನಾನೀಗ ಈ ರಸ್ತೆಯಲ್ಲಿದ್ದೇನೆ, ನೀವು ಆ ರಸ್ತೆಯಲ್ಲಿ ಕೆಲಸ ನೋಡಿಕೊಳ್ಳಿ ಎಂದು ಕಳ್ಳರಿಗೆ ತಿಳಿಸುವುದಕ್ಕೇ ಎಂಬುದು ನನ್ನ ದೃಢವಾದ ನಂಬಿಕೆ. ಹೀಗೆ ಬೋಲ್ಟುಗಳಂತೆಯೇ ಎಲ್ಲವನ್ನೂ ಪಕ್ಕಕ್ಕೆಸೆದು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಪಕ್ಕದ ಮನೆಯ ಗೌಸ್ ಸಾಹೇಬರು ಬಂದರು.

ಗೌಸ್ ಸಾಹೇಬರದು ಮಾರುಕಟ್ಟೆಯ ಬೀದಿಯಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಭಾರೀ ಉತ್ಸಾಹದ ಮನುಷ್ಯ. ಕೆಟ್ಟುಹೋದ ಯಾವುದನ್ನಾದರೂ ಕಂಡರೆ ಅವರ ಕಣ್ಣು ಹೊಳೆಯುತ್ತಿತ್ತು. ಯಾವುದೋ ಮುಚ್ಚಿಹೋದ ಕಾರ್ಖಾನೆಯಿಂದ ತಂದ ವಿದ್ಯುತ್ ಗಂಟೆಯೊಂದು ಅವರ ಹತ್ತಿರವಿತ್ತು. ಬೋಗುಣಿಯಷ್ಟು ದೊಡ್ಡದು. ಅದಕ್ಕೆ ಲಾರಿಯ ಬ್ಯಾಟರಿ ಕೊಡೋಣ, ಒಂದು ಸಲ ಹೊಡೆದುಕೊಳ್ಳಲು ಶುರುಮಾಡಿದರೆ ಕೀಲಿ ತಿರುಗಿಸುವ ತನಕ ನಿಲ್ಲದಂತೆ ಮಾಡೋಣ ಎಂದರು.

“ಫಿಕರ್ ಬಿಡಿ ಸಾಬ್. ಎರಡು ದಿನ ಬಡ್ಕೊಂಡ್ರೂ ಸುಸ್ತಾಗಲ್ಲ ಇದು. ಗಂಟೆ ಒತ್ತೋ ಗುಂಡಿ ಎಲ್ಲಿ ಇಡೋಣ, ಅದ್ ಹೇಳಿ. ಕಳ್ಳ ತುಳೀಬೇಕು, ನೀವ್ ತುಳೀಬಾರ್ದು. ಅಂಥಾ ಜಾಗ ಬೇಕು.”

ಕಳ್ಳ ತುಳಿಯಬೇಕು, ನಾವು ತುಳಿಯಬಾರದು! ನನ್ನ ಜೀವನದ ಅತ್ಯಂತ ಪ್ರಖರವಾದ ವಿಚಾರ ಬಂದದ್ದು ಆ ಕ್ಷಣದಲ್ಲಿ. ಹೊಸಿಲು! ನಮ್ಮ ಜನ ಹೊಸಿಲನ್ನು ದಾಟುತ್ತಾರೆಯೇ ಹೊರತು ತುಳಿಯುವುದಿಲ್ಲ. ನಡೆಯಲು ಕಲಿತ ದಿನದಿಂದ ಅಮ್ಮಂದಿರು ತೊಡೆ ಚಿವುಟಿ ಚಿವುಟಿ ಕಲಿಸಿರುತ್ತಾರೆ, ಅದು ಲಕ್ಷ್ಮಿ ಕೂರುವ ಜಾಗ ಎಂದು. ತುಳಿಯುವವನು ಯಾರು? ಹೇಳಿಕೊಡುವವರಿಲ್ಲದೆ ಬೆಳೆದವನು. ಅಂಥವನೇ ತಾನೆ ಕಳ್ಳನಾಗುವುದು? ನನ್ನ ಗಂಟೆ ಮನುಷ್ಯನನ್ನಲ್ಲ, ಅವನ ಸಂಸ್ಕಾರವನ್ನೇ ತಪಾಸಣೆ ಮಾಡುತ್ತದೆ! ಒಳ್ಳೆಯವರು ಸದ್ದಿಲ್ಲದೆ ಪಾಸು, ಕೆಟ್ಟವರು ಗಂಟೆ ಸಮೇತ ಫೇಲು. ಇಂಥ ಯಂತ್ರವನ್ನು ವಿದೇಶದಲ್ಲೂ ಯಾರೂ ಮಾಡಿರಲಾರರು ಎಂದು ಗೌಸ್ ಸಾಹೇಬರಿಗೆ ಹೇಳಿದೆ. ಅವರಿಗೆ ರೋಮಾಂಚನವಾಯಿತು. ಹೊಸಿಲಿಗೆ ಕೈಹಾಕುವುದನ್ನು ಕಮಲ ಒಪ್ಪಲಿಲ್ಲ. ಮರಕ್ಕೆ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ, ಎತ್ತಿ ಕೆಳಗೆ ಸ್ಪ್ರಿಂಗು ಇಟ್ಟು ಮತ್ತೆ ಕೂರಿಸುವುದಷ್ಟೇ ಎಂದ ಮೇಲೆ ಪೂಜೆ ಮಾಡಿ, ತಪ್ಪಾಯಿತೆಂದು ಲಕ್ಷ್ಮಿಗೆ ಕೈಮುಗಿದು, ಹಾಳಾಗಿಹೋಗಲಿ ಎಂದು ಅಡುಗೆಮನೆಗೆ ನಡೆದಳು.

ತಂತಿಯನ್ನೆಲ್ಲ ಗೋಡೆಯೊಳಗೆ ಹುದುಗಿಸಿದೆವು, ಕಳ್ಳ ಕತ್ತರಿಸಬಾರದು. ಬ್ಯಾಟರಿಯನ್ನು ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು ಗೋಡೆಗೇ ಸಿಮೆಂಟು ಹಾಕಿದೆವು, ಕಳ್ಳ ಕೀಳಬಾರದು. ಗಂಟೆಯನ್ನು ಸೂರಿನ ಅಂಚಿನಲ್ಲಿ, ಏಣಿಯಿಲ್ಲದೆ ಎಟುಕದಷ್ಟು ಎತ್ತರದಲ್ಲಿ ಕೂರಿಸಿದೆವು. ನಿಲ್ಲಿಸುವ ಕೀಲಿ ತೂರುವ ಜಾಗ ನಡುಮನೆಯ ಗೋಡೆಯಲ್ಲಿ. ಎಲ್ಲವನ್ನೂ ನಾನೇ ತಪಾಸಣೆ ಮಾಡಿ ಒಪ್ಪಿಗೆ ಕೊಟ್ಟೆ.

ಪರೀಕ್ಷೆಗೆ ಬೀದಿಯವರೆಲ್ಲ ನೆರೆದರು. ತುಳಿಯುವವರು ಮಾತ್ರ ಒಬ್ಬರೂ ಸಿಗಲಿಲ್ಲ. ಕಮಲ ಕೆನ್ನೆ ಬಡಿದುಕೊಂಡಳು. ನಾಗು, ಬ್ಯಾಂಕಿನಲ್ಲಿ ಕೆಲಸವಿದೆ ಎಂದು ಭಾನುವಾರವೇ ಹೊರಟುಹೋದ. ಎದುರುಮನೆಯ ಡಾಕ್ಟರು ತಮಗೆ ಮಂಡಿನೋವು ಎಂದರು. ಹಾಲಿನ ಮುನಿಯಮ್ಮ, ಅವಳು ಹೆಬ್ಬಾಳದಿಂದ ಎಮ್ಮೆ ಹೊಡೆದುಕೊಂಡು ಬಂದು ಮನೆಬಾಗಿಲಲ್ಲೇ ಹಾಲು ಕರೆದು ಕೊಡುವವಳು, ಲಕ್ಷ್ಮಿಯನ್ನು ತುಳಿ ಎನ್ನುವ ಮನೆಗೆ ನಾಳೆಯಿಂದ ಹಾಲು ಕೊಡಬೇಕೋ ಬೇಡವೋ ಯೋಚಿಸುತ್ತೇನೆ ಎಂದಳು. ಗೌಸ್ ಸಾಹೇಬರಾದರೂ ಆದೀತು ಎಂದುಕೊಂಡರೆ ಅವರು ಕಾಲೆತ್ತಿ, ಗಾಳಿಯಲ್ಲೇ ನಿಲ್ಲಿಸಿ, ತಮ್ಮ ಅಮ್ಮಿಗೆ ಗೊತ್ತಾದರೆ ಬೈಯುತ್ತಾರೆ ಎಂದು ಹಿಂದೆ ಸರಿದರು. ಕೊನೆಗೆ ನಾನೇ ಮುಂದಾದೆ. ಆಶ್ಚರ್ಯವೆಂದರೆ ನನ್ನ ಕಾಲೂ ಕೆಳಗಿಳಿಯಲಿಲ್ಲ. ತೊಡೆಯಲ್ಲಿ ಅಮ್ಮ ಚಿವುಟಿದ ಜಾಗ ಚುರುಗುಟ್ಟಿತು. ಒಳಗಿನಿಂದ ರುಬ್ಬುವ ಗುಂಡನ್ನು ಹೊತ್ತು ತಂದು ಹೊಸಿಲ ಮೇಲಿಟ್ಟೆವು. ಗಂಟೆ ಹೊಡೆದುಕೊಂಡಿತು. ಎದುರಿನ ಸೈಟಿನ ಎಮ್ಮೆಗಳು ಒಟ್ಟಿಗೆ ತಲೆಯೆತ್ತಿದವು. ಡಾಕ್ಟರು ಮಂಡಿನೋವು ಮರೆತು ಗೇಟು ದಾಟಿದ್ದರು. ನನ್ನ ಸಿದ್ಧಾಂತ ಸಾಬೀತಾಯಿತು. ಇಡೀ ಬೀದಿಯಲ್ಲಿ ಹೊಸಿಲು ತುಳಿಯುವಷ್ಟು ಕೆಟ್ಟದ್ದು ಒಂದು ಕಲ್ಲುಗುಂಡು ಮಾತ್ರ.

ಆಮೇಲೆ ಶುಕ್ರವಾರ ಬಂತು. ಕಮಲ ಹೊಸಿಲನ್ನು ತೊಳೆದು, ಒತ್ತಿ ಒರೆಸಿ, ಅರಿಶಿನ ಹಚ್ಚಲು ಬಗ್ಗಿದಳು. ಗಂಟೆ ಹೊಡೆದುಕೊಂಡಿತು. ಡಾಕ್ಟರು ಕೋಲು ಹಿಡಿದು, ಗೌಸ್ ಸಾಹೇಬರು ಸ್ಪ್ಯಾನರ್ ಹಿಡಿದು ಓಡಿ ಬಂದಾಗ ಸಿಕ್ಕಿದ ಕಳ್ಳಿ ಎಂದರೆ ಕೈಯಲ್ಲಿ ಅರಿಶಿನದ ಬಟ್ಟಲು ಹಿಡಿದು ನಿಂತಿದ್ದ ಕಮಲ. ಅಂದಿನಿಂದ ಕೀಲಿಯನ್ನು ಅವಳು ತನ್ನ ಸೊಂಟದ ಗೊಂಚಲಿಗೆ ಸೇರಿಸಿಕೊಂಡಳು. ಪೂಜೆ ಅವಳದು, ಕೀಲಿಯೂ ಅವಳದು ಎಂದು ನಾನೂ ಸುಮ್ಮನಾದೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಲಗ್ನಪತ್ರಿಕೆ ಶಾಸ್ತ್ರಕ್ಕೆ ಹುಡುಗಿಯ ತಂದೆ ರಾಮಚಂದ್ರಯ್ಯನವರು ಬಂದರು. ರೈಲ್ವೆಯಲ್ಲಿದ್ದು ನಿವೃತ್ತರಾದವರು, ಮಾತು ಕಡಿಮೆ, ತೂಕ ಜಾಸ್ತಿ. ಬೀಗರು ಬರುವ ದಿನ ಗಂಟೆ ಆರಿಸೋಣ ಎಂದು ಕಮಲ ಹೇಳಿದ್ದಳು. ಬೀಗರು ಬರುವ ದಿನವೇ ಬೆಳ್ಳಿ ತಟ್ಟೆ ಹೊರಗಿರುತ್ತದೆ, ಆರಿಸಕೂಡದು, ಅವರೇನು ಹೊಸಿಲು ತುಳಿಯುವವರೇ ಎಂದು ನಾನು ತಡೆದೆ. ರಾಮಚಂದ್ರಯ್ಯನವರು ಎರಡೂ ಕೈಯಲ್ಲಿ ಹಣ್ಣು ತೆಂಗಿನಕಾಯಿಯ ದೊಡ್ಡ ಹರಿವಾಣ ಹಿಡಿದಿದ್ದರು. ಹರಿವಾಣದ ಕೆಳಗೆ ಅವರ ಹೊಟ್ಟೆ, ಹೊಟ್ಟೆಯ ಕೆಳಗೆ ಹೊಸಿಲು. ಕಾಣುವುದಾದರೂ ಹೇಗೆ? ತುಳಿದರು.

ಮುಂದಿನದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕ್ಷಣಾರ್ಧದಲ್ಲಿ ಬೀಗರ ಸುತ್ತ ಡಾಕ್ಟರ ಕೋಲು, ಗೌಸ್ ಸಾಹೇಬರ ಸ್ಪ್ಯಾನರ್, ಮುನಿಯಮ್ಮನ ಹಾಲಿನ ಕೊಳಗ. ಕಿತ್ತಳೆ ಹಣ್ಣುಗಳು ಉರುಳಿ ಚರಂಡಿ ಸೇರಿದವು. ಕಮಲ ಓಡಿಬಂದು ಕೀಲಿ ತಿರುಗಿಸಿದಳು. ಆ ನಿಶ್ಶಬ್ದದಲ್ಲಿ ಗೌಸ್ ಸಾಹೇಬರು, ಗಾಬರಿಯಾದ ದೊಡ್ಡವರಿಗೆ ಸಮಾಧಾನ ಹೇಳುವ ಒಳ್ಳೆಯ ಉದ್ದೇಶದಿಂದಲೇ, ಯಂತ್ರವನ್ನು ವಿವರಿಸಿದರು.

“ನಿಮ್ಮಂಥೋರಿಗಲ್ಲ ಸಾಬ್ ಇದು. ಸಂಸ್ಕಾರ ಇಲ್ದೇ ಇರೋರು ತುಳಿದ್ರೆ ಮಾತ್ರ ಹೊಡ್ಕೊಳ್ಳೋದು. ನಮ್ ಸಾಬ್ರದೇ ಐಡಿಯಾ.”

ರಾಮಚಂದ್ರಯ್ಯನವರು ನನ್ನನ್ನು ನೋಡಿದರು. ಹಳಿಯ ಮೇಲೆ ನಿಂತ ದನವನ್ನು ಅವರು ಎಷ್ಟೋ ಸಲ ಹಾಗೆ ನೋಡಿರಬೇಕು. ಶಾಸ್ತ್ರ ಮುಗಿಯಿತು. ಕಾಫಿ ಬೇಡವೆಂದರು. ಹೊರಡುವಾಗ ಕಮಲಳ ಹತ್ತಿರ, ಹುಡುಗ ಬಹಳ ಒಳ್ಳೆಯವನು ಎಂದರು. ‘ಹುಡುಗ’ ಎಂಬ ಮಾತಿನ ಮೇಲೆ ಅವರು ಕೊಟ್ಟ ಒತ್ತು ನನಗೆ ತಲುಪಿತು. ಮದುವೆ ಮುರಿಯುತ್ತದೇನೋ ಎಂದು ಕಮಲ ವಾರವಿಡೀ ಊಟ ಬಿಟ್ಟಳು. ಮುರಿಯಲಿಲ್ಲ. ನಾಗುವಿನ ಪುಣ್ಯ.

ಕರೆಯುವ ಕೆಲಸ ಶುರುವಾಯಿತು. ನಮ್ಮಲ್ಲಿ ಮದುವೆಗೆ ಕರೆಯುವುದು ಎಂದರೆ ಪತ್ರಿಕೆ ಕೊಟ್ಟು ಬರುವುದಲ್ಲ. ಗಂಡ ಹೆಂಡತಿ ಇಬ್ಬರೂ ಹೋಗಬೇಕು, ಕುಂಕುಮ ಕೊಡಬೇಕು, ನೀವು ಬರದಿದ್ದರೆ ನಮಗೆ ಮದುವೆ ಮಾಡಿದ ಹಾಗೇ ಆಗುವುದಿಲ್ಲ ಎಂದು ಬಲವಂತ ಮಾಡಬೇಕು. ಎಷ್ಟು ಬಲವಂತವೋ ಅಷ್ಟು ವಿಶ್ವಾಸ. ಬೀದಿಯ ಒಂದು ಮನೆಯನ್ನೂ ನಾವು ಬಿಡಲಿಲ್ಲ. ನನಗೆ ಇನ್ನೊಂದು ಕೆಲಸವೂ ಇತ್ತಲ್ಲ, ಮನೆ ನೋಡಿಕೊಳ್ಳಲು ಹೇಳುವುದು. ಆದ್ದರಿಂದ ಪ್ರತಿ ಮನೆಯಲ್ಲೂ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದೆ, ಗಂಟೆ ಹೊಡೆದರೆ ಸ್ವಲ್ಪ ನೋಡಿ, ಮದುವೆಗೆ ಖಂಡಿತ ಬನ್ನಿ. ಮನೆ ನೋಡಿಕೊಳ್ಳುವವರ ಮನಸ್ಸು ಚೆನ್ನಾಗಿರಬೇಕೆಂದು ಬಲವಂತವನ್ನು ಕೊಂಚ ಹೆಚ್ಚೇ ಮಾಡಿದೆ. ಮೂಲೆಮನೆಯ ಅಜ್ಜಿ ಹಾಸಿಗೆ ಬಿಟ್ಟೆದ್ದು ಎಷ್ಟೋ ಕಾಲವಾಗಿತ್ತು. ಅವರ ಕೈಹಿಡಿದು ನೀವು ಬರದೆ ತಾಳಿ ಕಟ್ಟಿಸುವುದಿಲ್ಲ ಎಂದುಬಿಟ್ಟೆ. ಅಜ್ಜಿ ಕಣ್ಣೊರೆಸಿಕೊಂಡರು. ಮುನಿಯಮ್ಮನನ್ನೂ ಕರೆದೆವು. ಎಮ್ಮೆ ಬಿಟ್ಟು ಹೇಗೆ ಬರುವುದು ಎಂದಳು. ಅಷ್ಟು ದೂರ ಯಾರು ಬರುತ್ತಾರೆ, ಇದೆಲ್ಲ ಬಾಯುಪಚಾರ ಎಂಬುದು ಲೋಕಕ್ಕೆಲ್ಲ ಗೊತ್ತಿರುವ ವಿಷಯವೆಂದು ನಾನು ನಂಬಿದ್ದೆ.

ಹೊರಡುವ ದಿನ ಬೆಳಗ್ಗೆ ಕಮಲ ಹೊಸಿಲಿಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಎಳೆ ರಂಗೋಲಿ ಹಾಕಿ, ನಡುವೆ ಕುಂಕುಮ ಇಟ್ಟಳು. ಗಂಟೆ ಚಾಲೂ ಮಾಡಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತೆಂಗಿನಕಾಯಿ ಗಾತ್ರದ ಬೀಗವನ್ನೂ ಹಾಕಿ ಜಗ್ಗಿ ನೋಡಿದೆ. ಯಲಹಂಕದಲ್ಲಿ ರೈಲು ಹತ್ತಿದೆವು. ನಿಜ ಹೇಳಬೇಕೆಂದರೆ ಆ ದಿನ ನನಗೆ ಬಹಳ ನೆಮ್ಮದಿಯಿತ್ತು. ವರಪೂಜೆಯಲ್ಲಿ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಂಡೆ. ರಾತ್ರಿ ಗೊರಕೆ ಹೊಡೆದೆನಂತೆ. ಮನೆಯಿಂದ ಹೊರಗೆ ನಾನು ಗೊರಕೆ ಹೊಡೆದದ್ದು ಅದೇ ಮೊದಲು ಎಂದು ಕಮಲ ಎಲ್ಲರಿಗೂ ಸಂತೋಷದಿಂದ ಹೇಳಿದಳು.

ಮಾರನೆಯ ದಿನ ಬೆಳಗ್ಗೆ ಛತ್ರದ ಬಾಗಿಲಲ್ಲಿ ಬಂದವರನ್ನು ಬರಮಾಡಿಕೊಳ್ಳುತ್ತ ನಿಂತಿದ್ದೆ. ಎದುರುಮನೆಯ ಡಾಕ್ಟರು ಬಂದರು. ಬಹಳ ಸಂತೋಷವಾಯಿತು. ಅವರ ಹಿಂದೆಯೇ ಪಕ್ಕದ ಔಟ್‌ಹೌಸಿನವರು ಬಂದರು. ಸಂತೋಷವಾಯಿತು. ಹಿತ್ತಲು ಮನೆಯವರು ಮಕ್ಕಳು ಮರಿ ಕಟ್ಟಿಕೊಂಡು ಬಂದರು. ಪರವಾಗಿಲ್ಲ ಎನ್ನಿಸಿತು. ಆಮೇಲೆ ಮೂಲೆಮನೆಯ ಅಜ್ಜಿ, ಇಬ್ಬರ ಹೆಗಲ ಮೇಲೆ ಕೈಹಾಕಿಕೊಂಡು, ಮಾತು ಕೊಟ್ಟ ಹಾಗೆ ಬಂದೆ ನೋಡಪ್ಪ ಎನ್ನುತ್ತ ಬಂದರು. ಬೀದಿಯಲ್ಲಿ ಇನ್ನು ಯಾರು ಉಳಿದರೆಂದು ನಾನು ಬೆರಳು ಮಡಿಸಿ ಎಣಿಸತೊಡಗಿದೆ. ಕೊನೆಗೆ, ಸೆಂಟು ಹಾಕಿಕೊಂಡು, ಇಸ್ತ್ರಿ ಮಾಡಿದ ಶೇರವಾನಿ ತೊಟ್ಟು, ಸಂಸಾರ ಸಮೇತ ಗೌಸ್ ಸಾಹೇಬರು.

“ನೀವೂ ಬಂದ್ಬಿಟ್ರಾ?” ಎಂದೆ. ಸ್ವಾಗತಕ್ಕೆ ಅದು ಸರಿಯಾದ ಮಾತಲ್ಲವೆಂದು ಆಮೇಲೆ ಹೊಳೆಯಿತು.

ಅವರು ನನ್ನನ್ನು ಬಾಚಿ ತಬ್ಬಿಕೊಂಡರು. “ಬರ್ದೇ ಇರ್ತೀವಾ ಸಾಬ್? ಅಷ್ಟು ಪ್ರೀತಿಯಿಂದ ಕರ್ದಿದ್ರಿ. ಒಂದ್ ವ್ಯಾನ್ ಮಾಡ್ಕೊಂಡು ಇಡೀ ಬೀದಿ ಬಂದಿದೀವಿ. ಅಂಗಡಿ ಹುಡುಗ್ರನ್ನೂ ಬಿಟ್ಟಿಲ್ಲ.”

ನಾನು ವ್ಯಾನಿನ ಕಡೆ ನೋಡಿದೆ. ಇನ್ನೂ ಇಳಿಯುತ್ತಿದ್ದರು. ಮನೆ ಯಾರು ನೋಡಿಕೊಳ್ಳುತ್ತಾರೆ ಎಂದು ಬಾಯಿಬಿಟ್ಟು ಕೇಳುವಂತಿಲ್ಲ. ಆದರೂ ಸುತ್ತಿಬಳಸಿ ಕೇಳಿದೆ. ಡಾಕ್ಟರು, ಗೌಸ್ ಸಾಹೇಬರಿದ್ದಾರೆಂದು ಹೊರಟರಂತೆ. ಗೌಸ್ ಸಾಹೇಬರು, ಡಾಕ್ಟರಿದ್ದಾರೆಂದು ಹೊರಟರಂತೆ. ಅಜ್ಜಿ ಹೇಗೂ ಹಾಸಿಗೆ ಬಿಟ್ಟೇಳುವುದಿಲ್ಲವಲ್ಲ ಎಂದು ಉಳಿದವರೆಲ್ಲ ಹೊರಟರಂತೆ. ವ್ಯಾನಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿ ಚೆನ್ನಾಗಿ ನಕ್ಕರಂತೆ. ಗಂಟೆ ಇದೆಯಲ್ಲ ಸಾಬ್ ಎಂದು ಧೈರ್ಯ ಹೇಳಿದರು. ಗಂಟೆ ಇದೆ, ನಿಜ. ಕೇಳಿಸಿಕೊಳ್ಳುವ ಕಿವಿಗಳೆಲ್ಲ ಇಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದವು.

ಮಂಟಪದಲ್ಲಿ ಶಾಸ್ತ್ರ ನಡೆಯುತ್ತಿತ್ತು. ಎಲ್ಲರ ಕೈಗೂ ಅಕ್ಷತೆ ಹಂಚಿದರು. ನಾನು ಕಮಲಳ ಪಕ್ಕ ನಿಂತೆ. ಪುರೋಹಿತರ ಗಂಟೆ ಕಿಣಿಕಿಣಿ ಎಂದಾಗ ಬೆಚ್ಚಿದೆ. ಅಡುಗೆಮನೆಯಲ್ಲಿ ತಟ್ಟೆ ಬಿದ್ದಾಗ ಬೆಚ್ಚಿದೆ. ಕಣ್ಣು ಮುಚ್ಚಿದರೆ ನಮ್ಮ ಬೀದಿ ಕಾಣುತ್ತಿತ್ತು, ಈ ತುದಿಯಿಂದ ಆ ತುದಿಯವರೆಗೆ ಬೀಗಗಳು. ಕಳ್ಳರೂ ಒಂದು ವ್ಯಾನು ಮಾಡಿಕೊಂಡು ಬಂದರೆ? ನನ್ನಿಂದಾಗಿ ಇಷ್ಟೂ ಮನೆಗಳು ಗುಡಿಸಿಹೋದರೆ? ಕಾಲು ತಾನಾಗಿ ಹಿಂದಕ್ಕೆ ಸರಿಯಿತು.

“ಎಲ್ಲಿಗೆ?” ಎಂದಳು ಕಮಲ, ತಿರುಗದೆಯೇ.

“ಇಲ್ಲೇ. ಒಂದ್ ಫೋನ್ ಮಾಡಿ ಬರ್ತೀನಿ.”

“ಯಾರಿಗೆ? ಎಲ್ಲಾರೂ ಇಲ್ಲೇ ಇದಾರಲ್ರೀ.”

ಆದರೂ ಹೊರಟೆ. ದೇವರಾಣೆ, ಬಸ್ ಸ್ಟ್ಯಾಂಡಿನವರೆಗೆ ನಡೆದು, ಸ್ವಲ್ಪ ಗಾಳಿ ಕುಡಿದು ವಾಪಸಾಗುವ ಉದ್ದೇಶವೇ ಇತ್ತು. ಅಷ್ಟರಲ್ಲಿ ಬೆಂಗಳೂರಿನ ಬಸ್ಸು ಹೊರಡಲು ಗುಟುರು ಹಾಕುತ್ತಿತ್ತು. ಕಂಡಕ್ಟರ್ ಸೀಟಿ ಊದಿದ. ನನ್ನ ಕಾಲು ನನ್ನನ್ನು ಕೇಳದೆ ಹತ್ತಿಬಿಟ್ಟಿತು.

ದೊಡ್ಡಬಳ್ಳಾಪುರ ದಾಟುವ ತನಕ ಮನೆಯ ಯೋಚನೆ. ದಾಟಿದ ಮೇಲೆ ಮದುವೆಯ ಯೋಚನೆ. ರಾಜಾನುಕುಂಟೆಯಲ್ಲಿ ತರಕಾರಿ ಬುಟ್ಟಿಗಳನ್ನು ಟಾಪಿಗೆ ಏರಿಸಲು ಬಸ್ಸು ನಿಂತಿತು. ರಸ್ತೆಯ ಆಚೆ ಯಾರದೋ ಮನೆಯ ಚಪ್ಪರದಲ್ಲಿ ಗಟ್ಟಿಮೇಳ ಕೇಳಿಸಿತು. ಅಂದು ಒಳ್ಳೆಯ ಲಗ್ನವಿತ್ತಲ್ಲ, ಎಲ್ಲೆಲ್ಲೂ ಅದೇ ಹೊತ್ತಿಗೆ ಮುಹೂರ್ತ. ಅಂದರೆ ನಾಗುವೂ ಈಗ ತಾಳಿ ಕಟ್ಟುತ್ತಿದ್ದಾನೆ. ಆಗಲೇ ನನ್ನ ಬಲಗೈ ಇನ್ನೂ ಮುಷ್ಟಿ ಬಿಗಿದುಕೊಂಡೇ ಇದೆ ಎಂದು ಗೊತ್ತಾದದ್ದು. ಬಿಚ್ಚಿ ನೋಡಿದರೆ ಅಕ್ಷತೆ. ಬೆವರಿಗೆ ಅಂಟಿ ಮುದ್ದೆಯಾಗಿತ್ತು. ಸಂಕಟವಾಯಿತು. ಶಾಲೆಗೆ ಸೇರಿಸುವ ದಿನ ಆ ಹುಡುಗ ನನ್ನ ಇದೇ ಕೈಯನ್ನು ಬಿಡದೆ ಅತ್ತಿದ್ದ. ಕಿಟಕಿಯಿಂದ ಕೈ ಹೊರಗೆ ಹಾಕಿ ಗೌರಿಬಿದನೂರಿನ ದಿಕ್ಕಿಗೆ, ಚೆನ್ನಾಗಿ ಬಾಳು ಮಗನೇ ಎಂದು ಎಸೆದೆ. ಅದು ಕೆಳಗೆ ನಿಂತಿದ್ದ ಹೆಂಗಸಿನ ಟೊಮೇಟೊ ಬುಟ್ಟಿಗೆ ಬಿತ್ತು. ಅವಳು ನನ್ನ ವಂಶವನ್ನೆಲ್ಲ ಸ್ಮರಿಸಿದಳು. ಅವತ್ತು ನನಗೆ ಸಲ್ಲಬೇಕಾದ ಆಶೀರ್ವಾದ ಅದೇ ಇರಬೇಕೆಂದು ಕಿಟಕಿ ಮುಚ್ಚಿಕೊಂಡೆ.

ಹೆಬ್ಬಾಳದಲ್ಲಿ ಇಳಿದವನು ಬರಿಗಾಲಲ್ಲೇ ಓಡಿದೆ. ರೇಷ್ಮೆ ಪಂಚೆ ಮೊಣಕಾಲಿಗೆತ್ತಿ, ಬಾಸಿಂಗವೊಂದು ಕಟ್ಟಿಲ್ಲ ಎನ್ನುವುದನ್ನು ಬಿಟ್ಟರೆ ಮದುಮಗನೇ ತಪ್ಪಿಸಿಕೊಂಡು ಬಂದ ಹಾಗೆ ಓಡಿದೆ. ಬೀದಿ ಬಿಕೋ ಎನ್ನುತ್ತಿತ್ತು. ಗಂಟೆಯ ಸದ್ದಿಲ್ಲ. ಅಬ್ಬ ಎಂದು ಉಸಿರುಬಿಟ್ಟೆ. ಗೇಟು ತೆರೆದೆ. ಬಾಗಿಲು ಮುಚ್ಚಿತ್ತು. ಬೀಗ ಇರಲಿಲ್ಲ. ಮುರಿದು ಬಿದ್ದಿರಲೂ ಇಲ್ಲ. ಅಷ್ಟು ಒಳ್ಳೆಯ ಬೀಗವನ್ನು ಬಿಟ್ಟು ಹೋಗಲು ಅವರಿಗೂ ಮನಸ್ಸು ಬಂದಿರಲಿಲ್ಲ.

ಹೊಸಿಲ ಮೇಲೆ ರಂಗೋಲಿ ಇತ್ತು. ಎಳೆ ಅಳಿಸಿರಲಿಲ್ಲ, ಕುಂಕುಮ ಕದಲಿರಲಿಲ್ಲ. ಅದನ್ನು ನೋಡಿದ ನೆನಪು ಚೆನ್ನಾಗಿದೆ. ನೋಡಿಯೂ, ಬಾಗಿಲನ್ನು ದಬ್ಬಿ, ಅಯ್ಯೋ ನನ್ನ ಮನೆ ಎಂದು ನುಗ್ಗಿದೆ. ಬೆವರಿದ ಅಂಗಾಲು ಪೂರಾ ಹೊಸಿಲ ಮೇಲೆ ಊರಿತು.

ಗಂಟೆ ಹೊಡೆದುಕೊಂಡಿತು.

ಯಾರೂ ಬರಲಿಲ್ಲ. ಬರಬೇಕಾದವರೆಲ್ಲ ಅಷ್ಟು ಹೊತ್ತಿಗೆ ಪಾಯಸಕ್ಕೆ ಕೂತಿದ್ದರು. ಒಳಗೆ ಬಚ್ಚಲ ತಾಮ್ರದ ಹಂಡೆ ಇಲ್ಲ, ರೇಡಿಯೋ ಇಲ್ಲ, ಕುಕ್ಕರಿಲ್ಲ. ಅದರ ದುಃಖ ಪಡಲೂ ಗಂಟೆ ಬಿಡುತ್ತಿರಲಿಲ್ಲ. ನಿಲ್ಲಿಸೋಣವೆಂದರೆ ಕೀಲಿ ಗೌರಿಬಿದನೂರಿನಲ್ಲಿ ಕಮಲಳ ಸೊಂಟದಲ್ಲಿ. ತಂತಿ ಗೋಡೆಯೊಳಗೆ. ಬ್ಯಾಟರಿ ಸಿಮೆಂಟಿನೊಳಗೆ. ಗಂಟೆ ಏಣಿಗೆ ಮಾತ್ರ ಎಟುಕುವ ಎತ್ತರದಲ್ಲಿ, ಏಣಿ ಗೌಸ್ ಸಾಹೇಬರ ಅಂಗಡಿಯಲ್ಲಿ, ಅಂಗಡಿಗೆ ಬೀಗ. ನನ್ನ ತಪಾಸಣೆಯಲ್ಲಿ ಒಂದೇ ಒಂದು ಲೋಪವಿರಲಿಲ್ಲ. ಜಗಲಿಯ ಮೇಲೆ ಕೂತು ಎರಡೂ ಕಿವಿಗೆ ಬೆರಳಿಟ್ಟುಕೊಂಡೆ.

ಎಮ್ಮೆ ಹೊಡೆದುಕೊಂಡು ಮುನಿಯಮ್ಮ ಬಂದಳು. ಮದುವೆ ಇಷ್ಟು ಬೇಗ ಮುಗಿಯಿತೇ ಎಂದು ಕೈಸನ್ನೆಯಲ್ಲೇ ಕೇಳಿದಳು. ಕಳ್ಳತನವಾಗಿದೆ ಎಂದು ಕೂಗಿದೆ. ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡು, ನನ್ನ ಕಿವಿಯ ಹತ್ತಿರ ಬಾಗಿ ಕಿರುಚಿದಳು.

“ಅಯ್ಯೋ ಸ್ವಾಮಿ, ಅವ್ರು ನೀವ್ ಕಳ್ಸಿದ್ ಜನ ಅಲ್ವಾ? ನೆನ್ನೆ ಮದ್ಯಾನ ಬಂದಿದ್ರು. ಮದ್ವೆ ಮನೆಗೆ ಅಂಡೆ ಬೇಕು ಅಂದ್ರು. ಬಾರ ಇತ್ತು ಅಂತ ನಾನೇ ಒಂದ್ ಕೈ ಇಡ್ಕಂಡೆ. ಎಂಥಾ ಮರ್ವಾದಸ್ತರು ಅಂತೀರಿ! ಚಪ್ಲಿ ಒರಗ್ ಬಿಟ್ಟು, ಒಸ್ಲಿಗೆ ಕೈ ಮುಟ್ಟಿ ಕಣ್ಣಿಗೊತ್ಕಂಡು, ತುಳೀದಂಗೆ ದಾಟ್ಕಂಡ್ ಓದ್ರು.”

ನಾನು ಹೊಸಿಲ ಕಡೆ ನೋಡಿದೆ. ಕಳ್ಳರು ಹಂಡೆ ಹೊತ್ತುಕೊಂಡು ದಾಟಿದರೂ ಕೆಡದಿದ್ದ ರಂಗೋಲಿಯ ಮೇಲೆ ಈಗ ಒಂದು ಹೆಜ್ಜೆಯಿತ್ತು. ಕೆಮ್ಮಣ್ಣಿನಲ್ಲಿ ಐದೂ ಬೆರಳು ಸ್ಪಷ್ಟವಾಗಿ ಮೂಡಿತ್ತು. ಒರೆಸಿಬಿಡೋಣ ಎಂದು ಎದ್ದೆ. ಎಮ್ಮೆಯ ಹಿಂದೆ ಹೊರಟಿದ್ದ ಮುನಿಯಮ್ಮ ಅದನ್ನು ಗಮನಿಸಿ, ಪೋಲೀಸಿನೋರು ನೋಡೋಗಂಟ ಕಳ್ಳನ ಎಜ್ಜೆ ಒರೆಸಬಾರದು ಎಂದು ಗದರಿಸಿದಳು. ಕೂತೆ.

ಸಂಜೆ ಹೆಣ್ಣು ಮನೆ ತುಂಬಿಸುವ ಶಾಸ್ತ್ರಕ್ಕೆ ಎಲ್ಲರೂ ಬಂದರು. ಹೊಸ ದಂಪತಿ, ಕಮಲ, ಮಗಳನ್ನು ಬಿಡಲು ಬಂದ ರಾಮಚಂದ್ರಯ್ಯನವರು, ಹಿಂದೆ ವ್ಯಾನಿನ ತುಂಬ ಇಡೀ ಬೀದಿ. ಮುಖ್ಯ ರಸ್ತೆಗೇ ಗಂಟೆ ಕೇಳಿಸಿತಂತೆ. ಎರಡು ದಿನ ಬಡಿದರೂ ಸುಸ್ತಾಗದ ಗಂಟೆಯನ್ನು ಕೇಳಿ ಗೌಸ್ ಸಾಹೇಬರೊಬ್ಬರೇ ಹೆಮ್ಮೆಪಟ್ಟರಂತೆ. ಕೋಲು, ಕೊಡೆ, ಮದುವೆಯ ಸೌಟು, ಸಿಕ್ಕಿದ್ದನ್ನು ಹಿಡಿದು ಎಲ್ಲರೂ ಓಡಿಬಂದು ಜಗಲಿಯನ್ನು ಸುತ್ತುವರಿದಾಗ ಅಲ್ಲಿ ರೇಷ್ಮೆ ಪಂಚೆ ಉಟ್ಟು, ಕಿವಿಯಲ್ಲಿ ಬೆರಳಿಟ್ಟು ಕೂತಿದ್ದವನು ನಾನು.

ಕಮಲ ಗುಂಪನ್ನು ಸರಿಸಿಕೊಂಡು ಬಂದಳು. ಹೊಸಿಲು ದಾಟಿ ಒಳಗೆ ಹೋಗಿ ಕೀಲಿ ತಿರುಗಿಸಿದಳು. ಕಿವಿಯೊಳಗೆ ಮಾತ್ರ ಅದು ಇನ್ನೂ ಹೊಡೆದುಕೊಳ್ಳುತ್ತಲೇ ಇತ್ತು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿ. ಹಂಡೆ ಹೋಗಿದೆ ಎಂದೆ. ಹೋಗಲಿ ಎಂದಳು. ಆಮೇಲೆ ಹತ್ತಿರ ಬಂದು, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು.

“ತಾಳಿ ಕೈಯಲ್ಲಿ ಹಿಡ್ಕೊಂಡು ನಾಗು ನನ್ನ ಪಕ್ಕ ನೋಡ್ದ ಕಣ್ರೀ. ಮತ್ತೆ ಬಾಗಿಲ ಕಡೆ ನೋಡ್ದ. ಪುರೋಹಿತರು ಹೊತ್ತಾಯ್ತು ಅಂದ್ಮೇಲೆ ಕಟ್ಟಿದ್ದು.”

ನಾನು ನಾಗುವಿನ ಕಡೆ ಕಣ್ಣೆತ್ತಲಾರದೆ ನಿಂತೆ. ಅವನೇ ಬಂದ. ಅಲ್ಲಿ ಬಾಕಿ ಉಳಿದಿತ್ತು ಭಾವ ಎಂದು, ಹೆಂಡತಿಯನ್ನೂ ಕರೆದು, ಜಗಲಿಯ ಮೇಲೇ ಇಬ್ಬರೂ ನನ್ನ ಕಾಲಿಗೆ ನಮಸ್ಕಾರ ಮಾಡಿದರು. ಬಲಗಾಲಿಗೆ ಕೆಮ್ಮಣ್ಣು ಮೆತ್ತಿಕೊಂಡಿತ್ತು. ಅದನ್ನು ಹಿಂದಕ್ಕೆ ಸರಿಸಿ ಎಡಗಾಲನ್ನೇ ಮುಂದಿಟ್ಟೆ. ಹರಸೋಣವೆಂದು ಕೈ ಚಾಚಿದೆ. ಅಕ್ಷತೆ ಎಲ್ಲಿಂದ ಬರಬೇಕು? ಅದು ರಾಜಾನುಕುಂಟೆಯ ಟೊಮೇಟೊ ಬುಟ್ಟಿಯಲ್ಲಿತ್ತು.

ಕಮಲ ಹೊಸಿಲ ಆಚೆ ಅಕ್ಕಿ ತುಂಬಿದ ಸೇರನ್ನಿಟ್ಟಳು. ಹುಡುಗಿ ಬಲಗಾಲಿನಿಂದ ಅದನ್ನು ನಾಜೂಕಾಗಿ ಒದ್ದು, ಸೆರಗು ಹಿಡಿದುಕೊಂಡು, ಹೊಸಿಲನ್ನು ಸೋಕದೆ ಒಳಗೆ ಬಂದಳು. ಮುಂದಿನ ಸರದಿ ರಾಮಚಂದ್ರಯ್ಯನವರದು. ಅವರ ಕೈಯಲ್ಲಿ ಈ ಸಲ ಏನೂ ಇರಲಿಲ್ಲ. ಹೊಸಿಲ ಮುಂದೆ ನಿಂತರು. ಕಷ್ಟಪಟ್ಟು ಬಗ್ಗಿ ಕೆಮ್ಮಣ್ಣಿನ ಮೇಲಿನ ಹೆಜ್ಜೆಯನ್ನು ನೋಡಿದರು. ಆಮೇಲೆ ನನ್ನ ಬಲಗಾಲನ್ನು ನೋಡಿದರು. ಇಡೀ ಬೀದಿ ನೋಡುತ್ತಿತ್ತು.

“ಇದು ನಂದಲ್ಲ ಬೀಗ್ರೇ,” ಎಂದರು. “ನಾನು ಧಾರೆ ಮುಗಿಯೋವರೆಗೂ ಅಲ್ಲೇ ಇದ್ದೆ.”

ಪಂಚೆ ಎತ್ತಿ, ಅಷ್ಟು ತೂಕದ ಮನುಷ್ಯ ಅಷ್ಟು ಹಗುರವಾಗಿ ಹೊಸಿಲು ದಾಟಿ ಒಳಗೆ ಹೋದರು. ಕಮಲಳನ್ನು ಕೇಳಿ ಕಾಫಿ ತರಿಸಿಕೊಂಡು ಕುಡಿದರು.

ಗಂಟೆಯನ್ನು ಮಾರನೆಯ ದಿನವೇ ಕೀಳಿಸಿದೆ. ಗೌಸ್ ಸಾಹೇಬರಿಗೆ ಬೇಜಾರಾಯಿತು. ಅವರ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆ ಯಂತ್ರ ಇದ್ದಷ್ಟು ದಿನದಲ್ಲಿ ಹೊಸಿಲು ತುಳಿದ ಇಬ್ಬರನ್ನು ಸರಿಯಾಗಿ ಹಿಡಿದುಕೊಟ್ಟಿತು. ಅವರಲ್ಲಿ ಒಬ್ಬರ ಕೈಯಲ್ಲಿ ಹಣ್ಣಿನ ಹರಿವಾಣವಿತ್ತು. ಇನ್ನೊಬ್ಬನ ಕೈ ಖಾಲಿಯಿತ್ತು.